ಕೆಜಿಎಫ್ ನೋಡಬೇಕಾ? ಮೇಲಿನಿಂದಲೇ ನೋಡಿ

"ಸಾರ್, ಕೆಳಗೆ ಇಳಿಸ್ತೀರಾ?"

ಗಣಿ ಎಂಜಿನಿಯರಿಂಗ್ ಓದುವ ಹುಡುಗರನ್ನು ಕೆಜಿಎಫ್‌ಗೆ, ಅಂದರೆ ಕೋಲಾರದ ಚಿನ್ನದ ಗಣಿಗೆ, ಕರೆದುಕೊಂಡು ಹೋದಾಗಲೆಲ್ಲ ಇದೇ ಮೊದಲ ಪ್ರಶ್ನೆ. ಇಲ್ಲಪ್ಪ, ಆಗುವುದಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪುಗಳು ನಿಂತ ಮೇಲೆ ಒಳಗೆ ನೀರು ತುಂಬಿಕೊಂಡಿತು.

ನೀರಾದರೂ ಕಣ್ಣಿಗೆ ಕಾಣುತ್ತದೆ. ನನಗೆ ಹೆಚ್ಚು ಭಯ ಗಾಳಿಯದು. ಗಣಿ ನಡೆಯುವಾಗ ದೊಡ್ಡ ಫ್ಯಾನುಗಳು ಹೊಸ ಗಾಳಿಯನ್ನು ಒಳಗೆಲ್ಲ ಓಡಾಡಿಸುತ್ತವೆ. ಅವು ನಿಂತರೆ ಕೊಳೆಯುವ ಮರದ ತೊಲೆಗಳು, ತುಕ್ಕು ಹಿಡಿಯುವ ಕಬ್ಬಿಣ ಸೇರಿ ಆಮ್ಲಜನಕವನ್ನು ಸ್ವಲ್ಪಸ್ವಲ್ಪವೇ ತಿಂದು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತುಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕೈಯಲ್ಲಿನ ಟಾರ್ಚ್ ಉರಿಯುತ್ತಲೇ ಇರುತ್ತದೆ, ಹಿಡಿದವನು ಬಿದ್ದಿರುತ್ತಾನೆ. "ಸುಮ್ನೆ ಹತ್ತು ಹೆಜ್ಜೆ ಒಳಗೆ ಹೋಗಿ ಬರೋಣ" ಎನ್ನುವ ಗೈಡ್ ಸಿಕ್ಕರೆ ಅಲ್ಲಿಂದಲೇ ವಾಪಸ್ ಬನ್ನಿ.

ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಗೆ ಜನ ಟಿಕೆಟ್ ಕೊಂಡು ಇಳಿಯುತ್ತಾರಲ್ಲ ಎನ್ನಬಹುದು. ಅಲ್ಲಿ ಪ್ರವಾಸಿಗರು ಇಳಿಯುವುದು 135 ಮೀಟರ್. ಗಾಳಿಗೂ ನೀರಿಗೂ ಇವತ್ತಿಗೂ ವ್ಯವಸ್ಥೆ ಇದೆ. ಕೆಜಿಎಫ್‌ನ ನಮ್ಮ ಚಾಂಪಿಯನ್ ರೀಫ್ ಗಣಿ ಇಳಿದದ್ದು ಸುಮಾರು 3.2 ಕಿಲೋಮೀಟರ್. ಅಷ್ಟು ಆಳದ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು.

ಹಾಗಾದರೆ ನೋಡುವುದೇನು? ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ. ಕೋರಮಂಡಲ್, ಊರಿಗಾಂ, ಚಾಂಪಿಯನ್: ನಿಲ್ದಾಣದ ಹೆಸರುಗಳೇ ಗಣಿಯ ನಕ್ಷೆ. ಚಿನ್ನದ ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಹರಡಿದೆ, ಹಳಿಯೂ ಅದರ ಪಕ್ಕದಲ್ಲೇ ಹಾಗೇ ಸಾಗುತ್ತದೆ. ದಾರಿಯಲ್ಲಿ ಕಾಣುವ ಉಕ್ಕಿನ ಗೋಪುರಗಳೇ ಹೆಡ್‌ಗೇರ್. ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಮೇಲೆ ನಿಂತ ಅವುಗಳ ತುದಿಯ ಚಕ್ರದ ಮೇಲೆ ಹಗ್ಗ ಓಡುತ್ತಿತ್ತು, ಹಗ್ಗದ ಕೊನೆಗೆ ಕಾರ್ಮಿಕರನ್ನು ಇಳಿಸುವ ಕೇಜ್. 1902ರಲ್ಲೇ ಇಲ್ಲಿನ ಯಂತ್ರಗಳಿಗೆ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ!

ಬೂದು ಬಣ್ಣದ ದಿಬ್ಬಗಳನ್ನು ಸಿನಿಮಾದಲ್ಲಿ ನೋಡಿರುತ್ತೀರಿ. ಅವು ಬೆಟ್ಟವಲ್ಲ. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಗಸಿ. ಕೊನೆಕೊನೆಗೆ ಒಂದು ಟನ್ ಕಲ್ಲಿಗೆ ಸಿಗುತ್ತಿದ್ದ ಚಿನ್ನ ಸುಮಾರು 3 ಗ್ರಾಂ ಅಷ್ಟೇ, ಉಳಿದದ್ದೆಲ್ಲ ದಿಬ್ಬಕ್ಕೆ. ಗಾಳಿ ಬೀಸಿದರೆ ಪುಡಿ ಏಳುತ್ತದೆ. ಸೆಲ್ಫಿಗೆಂದು ಹತ್ತಬೇಡಿ, ದೂರದಿಂದ ನೋಡಿ, ಮಾಸ್ಕ್ ಇರಲಿ.

ನನಗೆ ಇಷ್ಟವಾದ ಕಥೆ ಇನ್ನೊಂದಿದೆ. 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ (ಬಂಡೆಯನ್ನೂ ದಾಟಿ ಹೋಗುವ ಅತಿಸೂಕ್ಷ್ಮ ಕಣಗಳು) ಸುಳಿವು ಹಿಡಿದ ಜಗತ್ತಿನ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ಇದೇ ಗಣಿಯಲ್ಲಿ. ಬೇರೆ ಕಣಗಳನ್ನು ತಡೆಯಲು ಮೇಲೆ ದಪ್ಪ ಬಂಡೆ ಬೇಕಿತ್ತು, ಇಲ್ಲಿ ಅದು 2 ಕಿಲೋಮೀಟರಿಗಿಂತ ಜಾಸ್ತಿಯೇ ಸಿಕ್ಕಿತು.

ಇನ್ನೊಂದು ಮಾತು. ಈ ಊರನ್ನು 'ಭೂತದ ಊರು' ಎನ್ನುವ ಗೈಡುಗಳಿದ್ದಾರೆ, ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಪಾಳು ಬಿದ್ದದ್ದು ಗಣಿ ಮಾತ್ರ. ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಜನ ಇದ್ದಾರೆ, ಕೇಳದೆ ಅವರ ಬಾಗಿಲ ಮುಂದೆ ಕ್ಯಾಮೆರಾ ಹಿಡಿಯಬೇಡಿ. ನಿವೃತ್ತ ಕಾರ್ಮಿಕರು ಯಾರಾದರೂ ಮಾತಿಗೆ ಸಿಕ್ಕರೆ ರಾಕ್ ಬರ್ಸ್ಟ್ ಬಗ್ಗೆ ಕೇಳಿ. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳೂ ಅಲುಗುತ್ತಿದ್ದವು. ಬೆಳಗಿನ ರೈಲಿಗೆ ಹೋದರೆ ಎದುರಿನ ರೈಲಿನಲ್ಲಿ ಅವರ ಮಕ್ಕಳನ್ನೂ ಕಾಣುತ್ತೀರಿ, ಬೆಂಗಳೂರಿಗೆ ಕೆಲಸಕ್ಕೆ ಹೊರಟಿರುತ್ತಾರೆ.