ಮೇಲಿನ ಮೆಟ್ಟಿಲಿಗೆ ಗಟ್ಟಿ ಕಾಲು: ಸ್ಟ್ರೋಕ್ ಜೊತೆ ಶುಗರ್ ಇರುವವರ ಪುನಶ್ಚೇತನ, ನನ್ನ ಟಿಪ್ಪಣಿ

ಈ ಟಿಪ್ಪಣಿ ನನ್ನ ಹಾಗೆ ಫಿಸಿಯೋಥೆರಪಿ ಓದುತ್ತಿರುವವರಿಗೆ. ನರ್ಸಿಂಗ್ ಓದುವವರಿಗೂ ಉಪಯೋಗಕ್ಕೆ ಬರಬಹುದು. ಮನೆಯಲ್ಲಿ ಸ್ಟ್ರೋಕ್ (ಲಕ್ವ) ಆದವರನ್ನು ನೋಡಿಕೊಳ್ಳುತ್ತಿದ್ದರೆ ನೀವೂ ಓದಿ, ಆದರೆ ಮಾತ್ರೆ ಮತ್ತು ಇನ್ಸುಲಿನ್ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಸ್ಟ್ರೋಕ್ ಎಂದರೇನು, ರಕ್ತನಾಳ ಕಟ್ಟಿಕೊಳ್ಳುವುದು ಯಾವುದು, ಒಡೆಯುವುದು ಯಾವುದು, ಮಿದುಳಿನ ಬಲಭಾಗಕ್ಕೆ ಪೆಟ್ಟಾದರೆ ಎಡಗೈ ಎಡಗಾಲು ಸೋಲುವುದು ಯಾಕೆ, ಇದೆಲ್ಲ ನಿಮಗೆ ಗೊತ್ತು. ಬಿಟ್ಟು ಮುಂದೆ ಹೋಗುತ್ತೇನೆ. ನನಗೆ ತೊಡಕಾಗಿದ್ದು ಬೇರೆ. ಪುಸ್ತಕದಲ್ಲಿ ಸ್ಟ್ರೋಕ್ ಒಂದು ಅಧ್ಯಾಯ, ಶುಗರ್ ಇನ್ನೊಂದು ಅಧ್ಯಾಯ. ವಾರ್ಡಿಗೆ ಹೋದರೆ ಎರಡೂ ಒಂದೇ ಮಂಚದ ಮೇಲೆ ಮಲಗಿರುತ್ತವೆ. 2023ರಲ್ಲಿ ಬಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ಶುಗರ್ ಇದ್ದವರಿಗೆ ಸ್ಟ್ರೋಕ್ ಆಗುವ ಸಾಧ್ಯತೆಯೂ ಜಾಸ್ತಿ. ಹಾಗಾಗಿ ಒಂದು ಅಧ್ಯಾಯದಲ್ಲಿ ಕಲಿತ ನಿಯಮವನ್ನು ಇನ್ನೊಂದು ಅಧ್ಯಾಯಕ್ಕೆ ತೋರಿಸದೆ ಬಳಸಬಾರದು. ಇದು ನನಗೆ ಮೆಟ್ಟಿಲ ಮೇಲೆ ಅರ್ಥವಾಯಿತು. ಮೆಟ್ಟಿಲಿಗೆ ಹೋಗುವ ಮೊದಲು ಕೋಲಿನಿಂದ ಶುರು ಮಾಡುತ್ತೇನೆ.

ಕೋಲು ಯಾವ ಕೈಗೆ?

ಸೋತ ಕಾಲಿನ ಎದುರು ಬದಿಯ ಕೈಗೆ. ಎಡಗಾಲು ಸೋತಿದ್ದರೆ ಬಲಗೈಗೆ. ಸ್ಟ್ರೋಕ್ ಆದವರಿಗೆ ಹೇಗೂ ಆ ಬದಿಯ ಕೈಯೂ ಸೋತಿರುತ್ತದೆ, ಹಾಗಾಗಿ ತಪ್ಪುವುದು ಕಡಿಮೆ. ಆದರೆ ಕೈಗೆ ಸ್ವಲ್ಪ ಬಲ ಬಂದ ಮೇಲೆ ಮನೆಯವರು ಕೋಲನ್ನು ಸೋತ ಬದಿಗೆ ಬದಲಾಯಿಸುತ್ತಾರೆ. "ಆ ಕಡೆ ತಾನೇ ಆಸರೆ ಬೇಕಾಗಿರೋದು?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಉತ್ತರ ನಮಗೆ ಗೊತ್ತಿರಬೇಕು.

ಬಾಳೆತೋಟ ನೆನಪು ಮಾಡಿಕೊಳ್ಳಿ. ಗೊನೆಯ ಭಾರಕ್ಕೆ ಗಿಡ ಯಾವ ಕಡೆ ವಾಲುತ್ತದೋ ಆ ಕಡೆಗೆ ಕವೆಗೋಲು ಕೊಡುತ್ತಾರೆ. ನಡೆಯುವಾಗ ಗಟ್ಟಿ ಕಾಲನ್ನು ಎತ್ತಿದ ಕ್ಷಣ ಮೈಭಾರವೆಲ್ಲ ಸೋತ ಕಾಲಿನ ಮೇಲೆ ಬೀಳುತ್ತದೆ. ಆಗ ಸೊಂಟ ಇಳಿಬೀಳುವುದು ಎತ್ತಿದ ಕಾಲಿನ ಕಡೆಗೆ, ಅಂದರೆ ಗಟ್ಟಿ ಬದಿಗೆ. ಸೋತ ಬದಿಯ ಪಿರ್ರೆಯ ಪಕ್ಕದ ಸ್ನಾಯು ಅದನ್ನು ಹಿಡಿದು ನಿಲ್ಲಿಸಬೇಕಿತ್ತು, ಅದಕ್ಕೀಗ ಶಕ್ತಿ ಇಲ್ಲ. ಆದ್ದರಿಂದ ಊರುಗೋಲು ವಾಲುವ ಕಡೆಗೇ ಇರಬೇಕು. ಸಮತಟ್ಟು ನೆಲದಲ್ಲಿ ಕ್ರಮ ಹೀಗೆ: ಕೋಲು, ಸೋತ ಕಾಲು, ಗಟ್ಟಿ ಕಾಲು.

ಮೆಟ್ಟಿಲು: ನಾನು ಎಡವಿದ ಜಾಗ

ವಾರ್ಡ್ ಪೋಸ್ಟಿಂಗಿನ ಎರಡನೇ ವಾರ. ಮಂಡ್ಯ ಕಡೆಯ ತಾತ ಒಬ್ಬರು, ಕಬ್ಬು ಬೆಳೆಯುವವರು. ಎಡಗೈ ಎಡಗಾಲು ಸೋತಿತ್ತು, ಮಾತು ಚೆನ್ನಾಗಿತ್ತು. ಶುಗರ್ 14 ವರ್ಷದಿಂದ. ಅಭ್ಯಾಸದ ಮೆಟ್ಟಿಲ ಬುಡದಲ್ಲಿ ನಿಂತು, "ಯಾವ ಕಾಲು ಮೊದ್ಲು ಇಡ್ಲವ್ವ?" ಎಂದರು. "ಬಲಗಾಲು ಇಡಿ ತಾತ" ಎಂದೆ. ಸರಿಯಾಗಿಯೇ ಹತ್ತಿದರು. ಇಳಿಯುವಾಗ ಮತ್ತೆ ಕೇಳಿದರು. ನನ್ನ ಬಾಯಿಗೆ ಅದೇ ಬಂತು: "ಬಲಗಾಲೇ ಇಡಿ." ಬಲಗಾಲು ಕೆಳಗಿನ ಮೆಟ್ಟಿಲು ಮುಟ್ಟುವ ಮೊದಲೇ ಮೇಲೆ ಉಳಿದಿದ್ದ ಎಡ ಮಂಡಿ ಮಡಿಚಿಕೊಂಡಿತು. ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದ ಸೀನಿಯರ್ ಮೇಡಂ ಸೊಂಟದ ಬೆಲ್ಟ್ ಹಿಡಿದುಕೊಂಡರು. ತಾತ ಬೀಳಲಿಲ್ಲ. ನನ್ನ ಕೈ ಸಂಜೆಯವರೆಗೂ ನಡುಗುತ್ತಿತ್ತು.

ನಿಯಮ ನನಗೆ ಗೊತ್ತಿರಲಿಲ್ಲ ಅಂತಲ್ಲ. ಕ್ಲಾಸಿನಲ್ಲಿ "ಒಳ್ಳೆಯವರು ಸ್ವರ್ಗಕ್ಕೆ, ಕೆಟ್ಟವರು ನರಕಕ್ಕೆ" ಎಂದು ಹೇಳಿಕೊಟ್ಟಿದ್ದರು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ಈ ಸೂತ್ರ ನನಗೆ ಇಷ್ಟವಿಲ್ಲ. ಮೊದಲನೆಯದಾಗಿ, ಯಾರ ಕಾಲನ್ನೂ ಅವರ ಎದುರು ಕೆಟ್ಟ ಕಾಲು ಎನ್ನಬಾರದು. ಎರಡನೆಯದಾಗಿ, ಇದರಲ್ಲಿ ಕಾರಣವಿಲ್ಲ. ಕಾರಣವಿಲ್ಲದೆ ಬಾಯಿಪಾಠ ಮಾಡಿದ್ದು ಗಾಬರಿಯಲ್ಲಿ ತಿರುಗುಮುರುಗಾಗುತ್ತದೆ. ನನಗೆ ಆಗಿದ್ದೂ ಅದೇ.

ಕಾರಣ ಹೀಗಿದೆ, ನಿಧಾನವಾಗಿ ನೋಡೋಣ. ಕಾಲನ್ನು ಮುಂದಿನ ಮೆಟ್ಟಿಲಿಗೆ ಇಡುವುದು ದೊಡ್ಡ ಕೆಲಸವಲ್ಲ. ಇಡೀ ಮೈಯನ್ನು ಮೇಲಕ್ಕೆ ಎತ್ತುವುದು ಅಥವಾ ಕೆಳಕ್ಕೆ ಇಳಿಸುವುದು ದೊಡ್ಡ ಕೆಲಸ. ಹತ್ತುವಾಗ ಅದನ್ನು ಮಾಡುವುದು ಮೊದಲು ಮೇಲೆ ಹೋದ ಕಾಲು. ಅದರ ತೊಡೆಯ ಮುಂಭಾಗದ ಸ್ನಾಯು ಬಿಗಿದು, ಮಂಡಿ ನೆಟ್ಟಗಾಗಿ, ಮೈಯನ್ನು ಎಳೆದುಕೊಳ್ಳುತ್ತದೆ. ಇಳಿಯುವಾಗ? ಮೊದಲು ಕೆಳಗೆ ಹೋದ ಕಾಲು ಅಂತ ನಾನು ತುಂಬಾ ದಿನ ಅಂದುಕೊಂಡಿದ್ದೆ. ಅಲ್ಲ. ಆ ಕಾಲು ಇನ್ನೂ ಗಾಳಿಯಲ್ಲಿರುವಾಗ, ಮೇಲೆ ಉಳಿದ ಕಾಲು ಮಂಡಿಯನ್ನು ಸ್ವಲ್ಪ ಸ್ವಲ್ಪವೇ ಮಡಿಚುತ್ತಾ ಮೈಭಾರವನ್ನು ತಡೆದು ಇಳಿಸುತ್ತದೆ. ಅದೇ ಸ್ನಾಯು, ಈಗ ಉದ್ದವಾಗುತ್ತಾ ಕೆಲಸ ಮಾಡುತ್ತದೆ.

ಬಾವಿಯಿಂದ ಕೊಡ ಸೇದುವುದನ್ನು ನೋಡಿದ್ದೀರಿ ಅಲ್ವಾ? ತುಂಬಿದ ಕೊಡವನ್ನು ಮೇಲಕ್ಕೆ ಸೇದುವಾಗಲೂ, ಹಗ್ಗ ಸಡಿಲಿಸುತ್ತಾ ಕೆಳಕ್ಕೆ ಬಿಡುವಾಗಲೂ, ಹಗ್ಗ ಹಿಡಿದವರು ಮೇಲೇ ನಿಂತಿರುತ್ತಾರೆ. ಮೆಟ್ಟಿಲಲ್ಲೂ ಹಾಗೇ. ಹಗ್ಗ ಹಿಡಿಯುವ ಕಾಲು ಯಾವಾಗಲೂ ಮೇಲಿನ ಮೆಟ್ಟಿಲಲ್ಲಿರುತ್ತದೆ. ಹಾಗಾಗಿ ಎರಡು ನಿಯಮ ಬೇಡ, ಒಂದೇ ಸಾಕು:

ಹತ್ತಲಿ, ಇಳಿಯಲಿ, ಮೇಲಿನ ಮೆಟ್ಟಿಲಿಗೆ ಗಟ್ಟಿ ಕಾಲು.

ನಂಬಿಕೆ ಬರದಿದ್ದರೆ ಈಗಲೇ ಎದ್ದು ಮನೆಯ ಮೆಟ್ಟಿಲ ಹತ್ತಿರ ಹೋಗಿ. ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತುಂಬಾ ನಿಧಾನವಾಗಿ ಒಂದು ಮೆಟ್ಟಿಲು ಇಳಿಯಿರಿ. ಯಾವ ತೊಡೆ ಕಲ್ಲಿನ ಹಾಗಾಗುತ್ತದೆ ನೋಡಿ. ಮೇಲುಳಿದ ಕಾಲಿನದು. ಒಮ್ಮೆ ಮುಟ್ಟಿ ನೋಡಿದರೆ ಪರೀಕ್ಷೆಯಲ್ಲೂ ಮರೆಯುವುದಿಲ್ಲ, ವಾರ್ಡಿನಲ್ಲೂ ಮರೆಯುವುದಿಲ್ಲ.

ಕೋಲು ಸೋತ ಕಾಲಿನ ಜೊತೆಗಾರ. ಸೋತ ಕಾಲು ಹೋದಾಗ ಅದೂ ಹೋಗುತ್ತದೆ. ಹತ್ತುವಾಗ ಮೊದಲು ಗಟ್ಟಿ ಕಾಲು, ಆಮೇಲೆ ಕೋಲು ಮತ್ತು ಸೋತ ಕಾಲು. ಇಳಿಯುವಾಗ ಮೊದಲು ಕೋಲು, ಸೋತ ಕಾಲು, ಆಮೇಲೆ ಗಟ್ಟಿ ಕಾಲು. ನಾವು ನಿಲ್ಲುವ ಜಾಗ ಯಾವಾಗಲೂ ಅವರಿಗಿಂತ ಕೆಳಗೆ, ಸೋತ ಬದಿಗೆ ಸ್ವಲ್ಪ ಸರಿದು. ಹತ್ತುವಾಗ ಹಿಂದೆ, ಇಳಿಯುವಾಗ ಮುಂದೆ.

ಇನ್ನೊಂದು ಮಾತು. ಮನೆಯ ಮೆಟ್ಟಿಲಿಗೆ ಒಂದೇ ಕಡೆ ಕಂಬಿ ಇದ್ದರೆ, ಹತ್ತುವಾಗ ಬಲಗೈಗೆ ಸಿಕ್ಕಿದ್ದು ಇಳಿಯುವಾಗ ಎಡಕ್ಕೆ ಬರುತ್ತದೆ. ಎಡಗೈ ಸೋತವರು ಏನು ಹಿಡಿಯಬೇಕು? ಮನೆಗೆ ಕಳಿಸುವ ಮೊದಲೇ ಇದನ್ನು ಕೇಳಬೇಕು. ಎರಡೂ ಕಡೆ ಕಂಬಿ ಹಾಕಿಸುವುದು ಒಳ್ಳೆಯದು. ಅದಾಗದಿದ್ದರೆ ಅದೇ ಕಂಬಿಯನ್ನು ಬಲಗೈಯಲ್ಲಿ ಹಿಡಿದು ಹಿಮ್ಮುಖವಾಗಿ ಇಳಿಯುವುದನ್ನು ನಾವೇ ಜೊತೆ ನಿಂತು ಕಲಿಸಬೇಕು. ಆಗಲೂ ಸೋತ ಕಾಲೇ ಮೊದಲು ಕೆಳಗೆ.

ಗಟ್ಟಿ ಕಾಲು ನಿಜವಾಗಿ ಗಟ್ಟಿಯೇ?

ಇಲ್ಲಿಗೆ ಸ್ಟ್ರೋಕ್ ಅಧ್ಯಾಯ ಮುಗಿಯಿತು. ಶುಗರ್ ಅಧ್ಯಾಯ ಇಲ್ಲಿ ಬಾಗಿಲು ತಟ್ಟುತ್ತದೆ.

ಅದೇ ದಿನ ಮೇಡಂ ತಾತನನ್ನು ಕುರ್ಚಿಯಲ್ಲಿ ಕೂರಿಸಿ ಎರಡೂ ಹವಾಯಿ ಚಪ್ಪಲಿ ಬಿಚ್ಚಿಸಿದರು. ಬಲ ಚಪ್ಪಲಿಯ ಬಾರು ಯಾವಾಗಲೋ ಕಿತ್ತಿತ್ತು, ಅದಕ್ಕೆ ಪಿನ್ನು ಹಾಕಿಕೊಂಡಿದ್ದರು. ಪಿನ್ನು ಬಿಚ್ಚಿಕೊಂಡು ಹೆಬ್ಬೆರಳ ಬುಡಕ್ಕೆ ಚುಚ್ಚಿತ್ತು. ಸುತ್ತ ರಕ್ತ ಒಣಗಿ ಕಪ್ಪಾಗಿತ್ತು. "ನೋವಾಗ್ಲಿಲ್ವಾ ತಾತ?" ಎಂದರೆ, "ಏನೂ ಗೊತ್ತಾಗ್ಲಿಲ್ಲ ಕಣವ್ವ" ಎಂದರು. ಅದು ಅವರ ಗಟ್ಟಿ ಕಾಲು. ಮೆಟ್ಟಿಲ ಮೇಲೆ ನಾನು ನಂಬಿದ್ದ ಕಾಲು.

ಹಲವು ವರ್ಷದ ಶುಗರ್ ಪಾದದ ನರಗಳ ಸ್ಪರ್ಶವನ್ನು ತಿನ್ನುತ್ತದೆ, ಅದೂ ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ. ಸ್ಟ್ರೋಕ್ ಒಂದು ಬದಿಯನ್ನು ಕೆಡಿಸಿದರೆ ಶುಗರ್ ಎರಡೂ ಪಾದವನ್ನು ಮುಟ್ಟುತ್ತದೆ. ನಾವು ಭಾರ ಹಾಕಲು ಹೇಳುವ ಗಟ್ಟಿ ಕಾಲೇ ಇಬ್ಬರ ಕೆಲಸ ಮಾಡುತ್ತಿರುತ್ತದೆ, ಗಾಯವಾಗುವ ಅಪಾಯವೂ ಅದಕ್ಕೇ ಜಾಸ್ತಿ. ಈಗ ನಾನು ನಿಲ್ಲಿಸುವ ಮೊದಲು ಎರಡೂ ಅಂಗಾಲು ನೋಡುತ್ತೇನೆ, ಬೆರಳ ಸಂದಿಯನ್ನೂ ನೋಡುತ್ತೇನೆ. 10 ಗ್ರಾಂ ಮಾನೋಫಿಲಮೆಂಟ್ ಪರೀಕ್ಷೆ (ನೈಲಾನ್ ಎಳೆ ಒತ್ತಿ, ಮುಟ್ಟಿದ್ದು ಗೊತ್ತಾಗುತ್ತದಾ ಎಂದು ನೋಡುವುದು) ಎರಡೂ ಪಾದಕ್ಕೆ ಮಾಡುತ್ತೇನೆ. ಚಪ್ಪಲಿಗೆ ಹಿಂದೆ ಪಟ್ಟಿ ಇರಬೇಕು. ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇದೆಯಾ ನೋಡಬೇಕು. ಬರಿಗಾಲಲ್ಲಿ ಅಭ್ಯಾಸ ಬೇಡ, ಮನೆಯೊಳಗೂ ಬೇಡ. ಬಿಸಿನೀರಿನ ಶಾಖ ಕೊಡುವಾಗ ನೀರಿನ ಬಿಸಿಯನ್ನು ಮನೆಯವರೇ ತಮ್ಮ ಕೈಯಿಂದ ನೋಡಬೇಕು.

ಅಂದಹಾಗೆ, ಎದ್ದು ನಿಂತಾಗ ತಲೆ ಸುತ್ತುವುದನ್ನು ಎಲ್ಲಾ ಸಲವೂ ಸ್ಟ್ರೋಕಿನ ತಲೆಗೆ ಕಟ್ಟಬೇಡಿ. ಶುಗರ್ ಒಳಗಿನ ಅಂಗಗಳ ನರಗಳನ್ನೂ ಕೆಡಿಸುತ್ತದೆ. ನಿಂತ 3 ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನ ಬಿಪಿ 10 ಇಳಿದರೆ ಡಾಕ್ಟರಿಗೆ ತಿಳಿಸಬೇಕು. ಮಲಗಿದವರನ್ನು ಮೊದಲು ಮಂಚದ ಅಂಚಿನಲ್ಲಿ ಕೂರಿಸಿ, ಆಮೇಲೆ ನಿಲ್ಲಿಸಿ.

ಶುಗರ್ ನೋಡದೆ ವ್ಯಾಯಾಮ ಬೇಡ

ಇನ್ಸುಲಿನ್ ಅಥವಾ ಶುಗರ್ ಇಳಿಸುವ ಗ್ಲಿಮಿಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರ ಶುಗರ್ 90ಕ್ಕಿಂತ ಕೆಳಗಿದ್ದರೆ ಮೊದಲು ಏನಾದರೂ ತಿನ್ನಿಸಬೇಕು. 70ಕ್ಕಿಂತ ಕೆಳಗಿದ್ದರೆ ವ್ಯಾಯಾಮ ನಿಲ್ಲಿಸಿ, ಲೋ ಶುಗರ್‌ಗೆ ಚಿಕಿತ್ಸೆ ಮಾಡಬೇಕು. ಸಾಮಾನ್ಯ ನಿಯಮ 15 ಗ್ರಾಂ ಗ್ಲೂಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇಲ್ಲೂ ಎರಡು ಅಧ್ಯಾಯ ಡಿಕ್ಕಿ ಹೊಡೆಯುತ್ತವೆ. ನುಂಗುವ ತೊಂದರೆ ಇರುವವರ ಬಾಯಿಗೆ, ಅಥವಾ ಪ್ರಜ್ಞೆ ಮಂದವಾದವರ ಬಾಯಿಗೆ, ಸಕ್ಕರೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅವರನ್ನು ಪಕ್ಕಕ್ಕೆ ಮಲಗಿಸಿ, ವಾರ್ಡಿನಲ್ಲಾದರೆ ಕೂಡಲೇ ಡಾಕ್ಟರನ್ನು ಕರೆಯಿರಿ, ಮನೆಯಲ್ಲಾದರೆ 108.

ಲೋ ಶುಗರ್ ಆದರೆ ಮಾತು ತೊದಲಬಹುದು, ಒಂದು ಬದಿ ಸೋಲಬಹುದು, ಥೇಟ್ ಎರಡನೇ ಸ್ಟ್ರೋಕಿನ ಹಾಗೆ. ಹಾಗಂತ ಶುಗರ್ ಏರಿಸಿ ನೋಡೋಣ ಎಂದು ಕಾಯಬಾರದು. ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧಿಗೆ ಇರುವ ಸಮಯ ಸಾಮಾನ್ಯವಾಗಿ ಲಕ್ಷಣ ಶುರುವಾದಾಗಿನಿಂದ 4.5 ಗಂಟೆ ಮಾತ್ರ. ಬೆರಳು ಚುಚ್ಚಿ ಶುಗರ್ ನೋಡುವುದೂ, 108ಕ್ಕೆ ಫೋನ್ ಮಾಡುವುದೂ ಒಟ್ಟಿಗೇ ಆಗಬೇಕು.

ಬಿಪಿಗೆ ಅಥವಾ ಹೃದಯಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಲೋ ಶುಗರ್‌ನ ನಡುಕ, ಎದೆಬಡಿತ ಗೊತ್ತಾಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಫ್ಯಾನ್ ಕೆಳಗೆ ಕೂತವರ ಹಣೆಯಲ್ಲಿ ಬೆವರು ಕಂಡರೆ ಸುಮ್ನೆ ಬಿಡಬೇಡಿ.

ಉಳಿದವು, ಬೇಗ ಬೇಗ

ಸ್ಟ್ರೋಕ್ ಆದ ಮೊದಲ 24 ಗಂಟೆಯಲ್ಲಿ ಪದೇ ಪದೇ ಎಬ್ಬಿಸಿ ನಡೆಸಿದರೆ ಒಳ್ಳೆಯದು ಎಂದು ನಾನು ಅಂದುಕೊಂಡಿದ್ದೆ. 2015ರ ಅವರ್ಟ್ (AVERT) ಎಂಬ ಪ್ರಯೋಗದಲ್ಲಿ 2,104 ಜನರ ಮೇಲೆ ನೋಡಿದಾಗ ಫಲಿತಾಂಶ ಉಲ್ಟಾ ಬಂತು. ಬೇಗ ಶುರು ಮಾಡಬೇಕು, ಆದರೆ ಮೊದಲ ದಿನವೇ ಅತಿ ಮಾಡಬಾರದು.

ಭುಜ: ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಭುಜದ ಕೀಲು ಜಾರುತ್ತದೆ. ಶುಗರ್ ಇದ್ದವರಲ್ಲಿ ಭುಜ ಬಿಗಿದುಕೊಳ್ಳುವುದು ಮೊದಲೇ ಜಾಸ್ತಿ, ಹಾಗಾಗಿ ಇವರಿಗೆ ಎರಡು ಕಡೆಯಿಂದ ಪೆಟ್ಟು. ಅಂಗಿ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ.

ಗುರಿಗಳು: ಬಿಪಿ 130/80ಕ್ಕಿಂತ ಕೆಳಗೆ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಸಾಮಾನ್ಯವಾಗಿ 7%ರ ಆಸುಪಾಸು. ವಯಸ್ಸಾದವರಿಗೆ, ಪದೇ ಪದೇ ಲೋ ಶುಗರ್ ಆಗುವವರಿಗೆ ಡಾಕ್ಟರ್ ಇದನ್ನು ಸಡಿಲಿಸುತ್ತಾರೆ. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ ಹಪ್ಪಳದ್ದೂ ಇದರಲ್ಲೇ ಸೇರಿದೆ.

ಮುದ್ದೆ

ಇದನ್ನು ಬೇರೆಯಾಗಿಯೇ ಬರೆಯುತ್ತೇನೆ, ಎಲ್ಲರೂ ಕೇಳುತ್ತಾರೆ. "ಅನ್ನ ಬಿಟ್ಟಿದೀವಿ, ಮುದ್ದೆ ಎಷ್ಟಾದ್ರೂ ತಿನ್ಬೋದು ಅಲ್ವಾ?" ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ಇದೆ, ನಿಜ. ಆದರೆ ರಾಗಿ ಹಿಟ್ಟಿನ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಕಾರ್ಬೋಹೈಡ್ರೇಟ್. ಎರಡು ಮುದ್ದೆ ತಿಂದರೆ ಶುಗರ್ ಏರಿಯೇ ಏರುತ್ತದೆ. ತಾತನಿಗೆ ಎಷ್ಟು ದೊಡ್ಡ ಮುದ್ದೆ ಎಂದು ಕೇಳಿದೆ. ಬಲಗೈ ಮುಷ್ಟಿ ತೋರಿಸಿದರು. ಪಕ್ಕದಲ್ಲಿದ್ದ ಸೊಸೆ ಮಾತಾಡದೆ ಎರಡೂ ಕೈ ಸೇರಿಸಿ ಬೊಗಸೆ ತೋರಿಸಿದರು.

ಅಳತೆ ಶುಗರ್ ಅಧ್ಯಾಯದ ಪ್ರಶ್ನೆ. ಸ್ಟ್ರೋಕ್ ಅಧ್ಯಾಯದ ಪ್ರಶ್ನೆ ಅದಕ್ಕೂ ಮುಂಚೆ ಬರಬೇಕು: ಇವರು ನುಂಗಬಲ್ಲರಾ? ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅಂಟಾದ ತುತ್ತು, ಗಂಟಲು ಸೋತವರಿಗೆ ಸಿಕ್ಕಿಕೊಳ್ಳುತ್ತದೆ. ನುಂಗುವ ಪರೀಕ್ಷೆ ಆಗುವವರೆಗೂ ಮುದ್ದೆ ಕೊಡಬಾರದು. ತಾತನಿಗೆ ಪರೀಕ್ಷೆ ಆಗಿತ್ತು, ತೊಂದರೆ ಇರಲಿಲ್ಲ. ತಾತ ತೋರಿಸಿದ ಮುಷ್ಟಿಯಷ್ಟೇ ಒಂದು ಮುದ್ದೆ ಎಂದು ಡಯಟಿಷಿಯನ್ ಮೇಡಂ ಬರೆದುಕೊಟ್ಟರು, ಜೊತೆಗೆ ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಎರಡು ಪಾಲು. ನೆಟ್ಟಗೆ ಕೂತು, ಚಿಕ್ಕ ಚಿಕ್ಕ ತುತ್ತು. ಊಟವಾದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ.