ಸಿಲಬಸ್ ಹಳೆಯದಾಗಿರುವುದೇ ಕೆಲಸ ಸಿಗದಿರಲು ಕಾರಣವೇ?

ಪ್ರಶ್ನೆ: ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕಂಪನಿಗಳು ಕೇಳುವ ಹೊಸ ವಿಷಯಗಳು ಅವನ ಸಿಲಬಸ್‌ನಲ್ಲಿಲ್ಲ. ವಿಶ್ವವಿದ್ಯಾಲಯಗಳು ಪ್ರತಿವರ್ಷ ಅದನ್ನು ಬದಲಿಸಬಾರದೇಕೆ?

ಉತ್ತರ: ಸಿಇಟಿ ಸೀಟು ಹಂಚಿಕೆಯ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ, ನಾನೂ ತಪ್ಪದೆ ಉತ್ತರಿಸುತ್ತಲೇ ಇದ್ದೇನೆ. ಸಿಲಬಸ್ ಬದಲಾಗುವುದೇ ಇಲ್ಲವೆಂಬ ಮಾತು ಮೊದಲಿಗೆ ಸುಳ್ಳು. ವಿಟಿಯುವಿನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2015ರ ನಂತರ 2018, 2021, 2022 ಎಂದು ಸ್ಕೀಮಿನ ಮೇಲೆ ಸ್ಕೀಮು, ಅಂದರೆ ಹೊಸ ಪಠ್ಯಕ್ರಮ, ಬಂದಿವೆ.

ಇನ್ನು ಹೊಸ ವಿಷಯ ಸೇರಿಸಿದರೆ ಕೆಲಸ ಖಚಿತವೆಂಬ ನಂಬಿಕೆ. ಒಂದು ಕಾಲಕ್ಕೆ ಮಲ್ಟಿಮೀಡಿಯಾ ಕಲಿಯುವವರೆಲ್ಲ ವೆಬ್ ಆ್ಯನಿಮೇಷನ್‌ನ ಸಾಧನವಾದ ಫ್ಲ್ಯಾಶ್ ಕಲಿಯುತ್ತಿದ್ದರು. 2020ರ ಕೊನೆಗೆ ಅಡೋಬಿ ಅದಕ್ಕೆ ತೆರೆ ಎಳೆಯಿತು. ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ, ಮಾಹಿತಿಯನ್ನು ಪಟ್ಟಿಗಳಲ್ಲಿ ಜೋಡಿಸಿಡುವ ರಿಲೇಷನಲ್ ಮಾದರಿಯಾದರೋ ಇಂದಿಗೂ ಬ್ಯಾಂಕಿನ ಲೆಕ್ಕವನ್ನು ಹೊತ್ತುಕೊಂಡಿದೆ. 2022ರಲ್ಲಿ ಸೇರಿದ ವಿದ್ಯಾರ್ಥಿ ಅದೇ ನವೆಂಬರ್‌ನಲ್ಲಿ ಚಾಟ್‌ಜಿಪಿಟಿಯನ್ನು ಕಂಡ. ಅದನ್ನು ಊಹಿಸಿ ಸಿಲಬಸ್ ಬರೆಯುವುದು ಯಾವ ಅಧ್ಯಯನ ಮಂಡಳಿಗೂ ಸಾಧ್ಯವಿರಲಿಲ್ಲ, ಆದರೆ ಸಂಭವನೀಯತೆ ಮತ್ತು ಲೀನಿಯರ್ ಆಲ್ಜಿಬ್ರಾವನ್ನು ಅರಗಿಸಿಕೊಂಡಿದ್ದವನಿಗೆ ಅದರ ಒಳಗುಟ್ಟು ತಿಳಿಯುವ ದಾರಿಯಂತೂ ತೆರೆದಿತ್ತು. ಇಂದು ಜಾಹೀರಾತಿನಲ್ಲಿ ಕಾಣುವ ಸಾಧನ ನಾಲ್ಕು ವರ್ಷದ ಬಳಿಕವೂ ಇದ್ದೀತೆಂದು ಯಾವ ಕಂಪನಿಯೂ ಬರೆದುಕೊಡುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಪ್ರಶ್ನೆಪತ್ರಿಕೆಯಲ್ಲಿ. ಪಠ್ಯದ ಐದು ಭಾಗ ಅಥವಾ ಮಾಡ್ಯೂಲು, ಪ್ರತಿಯೊಂದಕ್ಕೂ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು. 'ನಾರ್ಮಲೈಸೇಷನ್ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ' ಎಂದು ಕೇಳಿದರೆ (ಒಂದೇ ಮಾಹಿತಿ ಹಲವೆಡೆ ಮರುಕಳಿಸದಂತೆ ಪಟ್ಟಿಗಳನ್ನು ಒಡೆಯುವುದೇ ನಾರ್ಮಲೈಸೇಷನ್) ಪರೀಕ್ಷೆಯ ಹಿಂದಿನ ರಾತ್ರಿಯ ಬಾಯಿಪಾಠವೇ ಸಾಕಾಗುತ್ತದೆ. ಅದರ ಬದಲು ಹಾಸ್ಟೆಲ್ ಮೆಸ್ಸಿನ ಲೆಕ್ಕದ ಪಟ್ಟಿಯೊಂದನ್ನು ಕೊಟ್ಟು, ಒಬ್ಬನೇ ವಿದ್ಯಾರ್ಥಿಯ ಫೋನ್ ನಂಬರು ಮೂರು ಸಾಲುಗಳಲ್ಲಿದ್ದು ಒಂದರಲ್ಲಿ ಮಾತ್ರ ಬದಲಾಗಿದೆ, ಇಂಥ ಗೊಂದಲ ಮತ್ತೆ ಆಗದಂತೆ ಪಟ್ಟಿಯನ್ನು ಹೇಗೆ ಒಡೆಯುತ್ತೀರಿ ಎಂದು ಕೇಳಿ ನೋಡಿ. ವಿಷಯ ಅದೇ, ಪುಸ್ತಕವೂ ಅದೇ. ಬೇಕಾಗುವ ಕಲಿಕೆ ಮಾತ್ರ ಬೇರೆ. ಸೀನಿಯರ್‌ನ ಲ್ಯಾಬ್ ರೆಕಾರ್ಡನ್ನು ಔಟ್‌ಪುಟ್ ಸಮೇತ ನಕಲು ಮಾಡಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇರುವವರೆಗೆ ಆ ಲ್ಯಾಬಿಗೆ 'ಕೃತಕ ಬುದ್ಧಿಮತ್ತೆ' ಎಂದು ಹೆಸರಿಟ್ಟರೂ ಅಷ್ಟೇ.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ಇಂಥ ಉತ್ತರಗಳನ್ನು ತಿದ್ದುವವರು ಯಾರು? ಮೆಸ್ಸಿನ ಪಟ್ಟಿಯನ್ನು ಇಬ್ಬರು ಬೇರೆ ಬೇರೆ ರೀತಿಯಲ್ಲಿ ಒಡೆದು ಇಬ್ಬರೂ ಸರಿಯಾಗಿರಬಹುದು. ವ್ಯಾಖ್ಯೆಗೆ ಇಷ್ಟು, ಚಿತ್ರಕ್ಕೆ ಇಷ್ಟು ಎಂಬ ಅಂಕ ಹಂಚಿಕೆಯ ಪಟ್ಟಿ ಅಲ್ಲಿ ಕೆಲಸಕ್ಕೆ ಬಾರದು. ಕೂತು ಓದಬೇಕು, ಓದಲು ಸಮಯ ಬೇಕು. ಸರ್ಕಾರಿ ಪದವಿ ಕಾಲೇಜುಗಳಲ್ಲಂತೂ ಮುಂದಿನ ವರ್ಷ ಕೆಲಸ ಉಳಿದೀತೋ ಇಲ್ಲವೋ ಎಂದು ಕಾಯುವ ಅತಿಥಿ ಉಪನ್ಯಾಸಕರಿಂದ ಇದನ್ನೆಲ್ಲ ನಿರೀಕ್ಷಿಸುವುದು ಅನ್ಯಾಯ.

ಪೋಷಕರು ಒಂದು ಕೆಲಸ ಮಾಡಬಹುದು. ವಿಟಿಯುವಿನ 2022ರ ಸ್ಕೀಮಿನಲ್ಲಿ 100ಕ್ಕೆ 50 ಅಂಕ ಇಂಟರ್ನಲ್ಸ್‌ಗೆ, ಅಂದರೆ ಕಾಲೇಜೇ ನಡೆಸುವ ಆಂತರಿಕ ಮೌಲ್ಯಮಾಪನಕ್ಕೆ; ಅದು ಕಾಲೇಜಿನ ಕೈಯಲ್ಲೇ ಇದೆ. ಪ್ರವೇಶಕ್ಕೆ ಹೋದಾಗ ಪ್ಲೇಸ್‌ಮೆಂಟ್ ಫಲಕದ ಮುಂದೆ ನಿಲ್ಲುವ ಮೊದಲು, ಹಿಂದಿನ ಸೆಮಿಸ್ಟರಿನ ಇಂಟರ್ನಲ್ಸ್ ಪ್ರಶ್ನೆಪತ್ರಿಕೆಗಳನ್ನು ತೋರಿಸಿ ಎಂದು ಕೇಳಿ.