ಫೀಲ್ಡ್‌ಬಸ್ ಅಂದರೆ ಯಾವ ಬಸ್ಸು?

ಹೆಸರು ಕೇಳಿ ಹೊಲದ ಕಡೆ ಹೋಗುವ ಬಸ್ಸು ಅಂದುಕೊಳ್ಳಬೇಡಿ. ಇಲ್ಲಿ ಫೀಲ್ಡ್ ಅಂದರೆ ಕಾರ್ಖಾನೆಯಲ್ಲಿ ಮೋಟರು, ಸೆನ್ಸರು, ವಾಲ್ವುಗಳು ಕೂತಿರುವ ಜಾಗ. ಬಸ್ ಅನ್ನುವುದು 'ಆಮ್ನಿಬಸ್' ಎಂಬ ಲ್ಯಾಟಿನ್ ಪದದ ಬಾಲ, ಅರ್ಥ 'ಎಲ್ಲರಿಗೂ'. ಎಲ್ಲ ಉಪಕರಣಗಳಿಗೂ ಸೇರಿ ಒಂದೇ ಕೇಬಲ್ಲು, ಅದರ ಮೇಲೆ ಯಾರು ಯಾವಾಗ ಮಾತಾಡಬೇಕು ಅನ್ನುವ ಕಟ್ಟುಪಾಡು. ಇದೇ ಫೀಲ್ಡ್‌ಬಸ್.

ಮೊದಲೆಲ್ಲ ಪ್ರತಿ ಸೆನ್ಸರಿನಿಂದಲೂ ಕಂಟ್ರೋಲ್ ಪ್ಯಾನಲ್‌ವರೆಗೆ ಒಂದು ಜೋಡಿ ವೈರು ಎಳೆಯಬೇಕಿತ್ತು. ಅದರಲ್ಲಿ ಹರಿಯುವ 4ರಿಂದ 20 ಮಿಲಿಆಂಪ್ ಕರೆಂಟೇ ಅಳತೆ. ಸೊನ್ನೆಯಿಂದ ಯಾಕೆ ಶುರುಮಾಡಲಿಲ್ಲ? ಸೊನ್ನೆ ಕಂಡರೆ ವೈರು ತುಂಡಾಗಿದೆ ಅಂತ ಗೊತ್ತಾಗಲಿ ಅಂತ. ಜಾಣ ಉಪಾಯ, ಅಲ್ವಾ? ಈಗಲೂ ಬಳಕೆಯಲ್ಲಿದೆ.

1979ರಲ್ಲಿ ಮೋಡಿಕಾನ್ ಕಂಪನಿ ಮಾಡ್‌ಬಸ್ ಎಂಬ ಫೀಲ್ಡ್‌ಬಸ್ ತಂದಿತು. ಆಮೇಲೆ ಪ್ರೊಫಿಬಸ್, ಕ್ಯಾನ್‌ಓಪನ್, ಪ್ರೊಫಿನೆಟ್, ಈಥರ್‌ಕ್ಯಾಟ್ ಅಂತ ಸಾಲೇ ಬಂತು. ಇವುಗಳಲ್ಲಿ ಯಾವುದು ಫಾಸ್ಟ್ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಪ್ರಕಾರ ಕೇಳಬೇಕಾದ್ದು ಬೇರೆ: ನಿಮ್ಮ ಮಷೀನು ಎಷ್ಟು ಹೊತ್ತು ಕಾಯಬಲ್ಲದು?

ಲೆಕ್ಕ ಹಾಕಿ ನೋಡಿ. 9600 ಬಾಡ್ (ಅಂದರೆ ಸೆಕೆಂಡಿಗೆ 9600 ಬಿಟ್) ವೇಗದ ಮಾಡ್‌ಬಸ್ ಲೈನಿನಲ್ಲಿ 20 ಡ್ರೈವ್‌ಗಳಿವೆ, ಅಂದರೆ ಮೋಟರಿನ ವೇಗ ಹಿಡಿತದಲ್ಲಿಡುವ ಪೆಟ್ಟಿಗೆಗಳು. ಪಿಎಲ್‌ಸಿ, ಅಂದರೆ ಮಷೀನು ನಡೆಸುವ ಕಂಪ್ಯೂಟರು, ಒಂದೊಂದನ್ನೇ ಮಾತಾಡಿಸಿ 10 ರಿಜಿಸ್ಟರ್ (ಅಂಕಿ ಇಟ್ಟಿರುವ ಖಾನೆ) ಓದುತ್ತದೆ. ಒಂದರ ಪ್ರಶ್ನೆ, ಉತ್ತರ ಮುಗಿಯಲು ಸುಮಾರು 50 ಮಿಲಿಸೆಕೆಂಡು. ಪೂರ್ತಿ ಸುತ್ತಿಗೆ ಒಂದು ಸೆಕೆಂಡು. ಟ್ಯಾಂಕಿನ ನೀರು ಬಿಸಿಯಾಗುವುದನ್ನು ನೋಡಲು ಇಷ್ಟು ಸಾಕು, ಸುಮ್ನೆ ಜಾಸ್ತಿ ದುಡ್ಡು ಸುರಿಯುವುದು ಬೇಡ.

ಆದರೆ ನಾಲ್ಕಾರು ಸರ್ವೋ ಮೋಟರು ಒಟ್ಟಿಗೆ ಹೆಜ್ಜೆ ಹಾಕಬೇಕಾದ ಪ್ರಿಂಟಿಂಗ್ ಮಷೀನಿಗೆ ಇದು ಆಗದು. ಒಂದಕ್ಕೆ ಸುದ್ದಿ ತಡವಾದರೂ ಬಣ್ಣದ ಮೇಲೆ ಬಣ್ಣ ಕೂರುವುದಿಲ್ಲ. ಆಫೀಸಿನ ಈಥರ್‌ನೆಟ್ ಎಷ್ಟೇ ಫಾಸ್ಟ್ ಇದ್ದರೂ ಸುದ್ದಿ ಇಂಥ ಹೊತ್ತಿಗೇ ತಲುಪುತ್ತದೆ ಅಂತ ಮಾತು ಕೊಡುವುದಿಲ್ಲ. ಆ ಮಾತು ಕೊಡುವ ನೆಟ್‌ವರ್ಕನ್ನು ಡಿಟರ್ಮಿನಿಸ್ಟಿಕ್ ಅನ್ನುತ್ತಾರೆ. ಜರ್ಮನಿಯ ಬೆಕಾಫ್ 2003ರಲ್ಲಿ ತಂದ ಈಥರ್‌ಕ್ಯಾಟ್ ಅಂಥದ್ದು. ಅದರಲ್ಲಿ ಒಂದೇ ಫ್ರೇಮು, ಅಂದರೆ ಮಾಹಿತಿಯ ಒಂದು ಕಟ್ಟು, ಎಲ್ಲ ಉಪಕರಣಗಳ ಮೂಲಕ ಹಾದುಹೋಗುತ್ತದೆ. ಪ್ರತಿಯೊಂದೂ ಅದು ಓಡುತ್ತಿರುವಾಗಲೇ ತನ್ನ ಪಾಲು ತೆಗೆದುಕೊಂಡು, ತನ್ನ ಉತ್ತರ ತುಂಬಿಬಿಡುತ್ತದೆ.

ದೂರವನ್ನೂ ನೋಡಿ. ಮಾಡ್‌ಬಸ್ ಓಡುವ ಆರ್‌ಎಸ್-485 ಕೇಬಲ್ಲು ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಎಳೆಯುತ್ತದೆ. ತಾಮ್ರದ ಈಥರ್‌ನೆಟ್‌ಗೆ 100 ಮೀಟರೇ ಗಡಿ. ಅಂದಹಾಗೆ, ಆರ್‌ಎಸ್-485 ಎಳೆದರೆ ಲೈನಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿ. ಎರಡು ತುದಿಗೆ ಮಾತ್ರ, ನಡುವೆ ಎಲ್ಲೂ ಬೇಡ.